ಮಾರವಾದಲ್ಲಿ ಗಾಡಿಯ ಸೀಟಿ

ಹುಬ್ಬಿ ಮಳೆ ಮುಗಿಯುವ ದಿನ. ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಊರ ದಾರಿ ಹಿಡಿದರೆ ಎರಡೂ ಬದಿಗೆ ಗೋವಿನಜೋಳ ಆಳೆತ್ತರ ನಿಂತಿದೆ. ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೂ ಕಾಲು ಭಾರ. ಮೈಕ್‌ಸೆಟ್ ಕಾಕಾನ ಮನೆಯ ಕಟ್ಟೆಗೆ ಕಾಲು ಒರೆಸುತ್ತಿದ್ದಂತೆ ಒಳಗಿನಿಂದ ಹೆಂಚಿನ ಮೇಲೆ ಕಾಳು ಹುರಿದಂಥ ಸದ್ದು. ಅದರ ಬೆನ್ನಿಗೇ ದಾರದಷ್ಟು ಸಣ್ಣ ದನಿಯೊಂದು ಏಳುತ್ತದೆ.

“ಬರ್ರಿ ಬರ್ರಿ. ಖಾನಸಾಹೇಬ್ರು ಶುರು ಮಾಡ್ಯಾರ. ಮೂರ ನಿಮಿಷ ಬಾಯಿ ಮುಚ್ಚಿ ಕುಂಡರ್ರಿ, ಆಮ್ಯಾಲೆ ಚಹಾ.”

ಸೆಪ್ಟೆಂಬರ್ 12 ಬಂತೆಂದರೆ ನಾವು ನಾಲ್ಕೈದು ಮಂದಿ ಇಲ್ಲಿ ಸೇರುತ್ತೇವೆ. ಕುಂದಗೋಳದ ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಸರಿಯಾಗಿ ನಲವತ್ತು ವರ್ಷಕ್ಕೆ, 1992ರ ಅದೇ ತಾರೀಖಿಗೆ, ಮಲ್ಲಿಕಾರ್ಜುನ ಮನ್ಸೂರರೂ ಹೋದರು. ಒಂದೇ ದಿನಕ್ಕೆ ಎರಡು ಪುಣ್ಯತಿಥಿ. ಕಾಕಾನ ಮಟ್ಟಿಗೆ ಅದು ವರ್ಷದ ದೊಡ್ಡ ಹಬ್ಬ.

ಕಾಕಾ ಮೂವತ್ತೈದು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವನು. ಸವಣೂರು, ಲಕ್ಷ್ಮೇಶ್ವರ, ಗುಡಗೇರಿ ಸುತ್ತಿನ ಮದುವೆ, ಜಾತ್ರೆ, ನಾಟಕಗಳಿಗೆ ಚಕ್ಕಡಿಯಲ್ಲಿ ಹಾರ್ನು, ಆಂಪ್ಲಿಫೈಯರ್, ಬ್ಯಾಟರಿ ಹೇರಿಕೊಂಡು ಹೋಗಿ ಮರಕ್ಕೆ ಕಟ್ಟುತ್ತಿದ್ದ. ಮದುವೆಗೆ ಸಿನೆಮಾ ಪ್ಲೇಟು, ಜಾತ್ರೆಗೆ ಭಕ್ತಿಗೀತೆಯ ಪ್ಲೇಟು. ರಾಗದ ಪ್ಲೇಟು ಹಚ್ಚಿದರೆ ಬೀಗರು ಬೈಯುತ್ತಿದ್ದರು. ಹೀಗಾಗಿ ಅವೆಲ್ಲ ಮನೆಯಲ್ಲೇ ಉಳಿದವು. ಮುಂದೆ ಟೇಪು ಬಂದು, ವಾಡೆ, ಅಟ್ಟ ಖಾಲಿ ಮಾಡುವವರು ಹಳೆಯ ಪ್ಲೇಟುಗಳನ್ನು ಹಳೆ ಕಬ್ಬಿಣದ ಜೊತೆ ತೂಕಕ್ಕೆ ಹಾಕತೊಡಗಿದರು. ಗುಜರಿಯವನ ತಕ್ಕಡಿಯ ಮುಂದೆ ಕೂತು ಕಾಕಾ ಒಂದೊಂದೇ ಆರಿಸಿಕೊಂಡ.

ಆ ಪ್ಲೇಟುಗಳು ಈಗ ಗೋಡೆಯ ಕಪಾಟಿನಲ್ಲಿ ನಿಂತಿವೆ. ಮಲಗಿಸಿ ಪೇರಿಸಿದರೆ ಭಾರಕ್ಕೆ ಡೊಂಕಾಗುತ್ತವಂತೆ. ಒಂದೊಂದಕ್ಕೂ ಹಳೆಯ ಧೋತರದ ಚೀಲ, ಹೊಲಿದದ್ದು ಕಾಕು. ಅರಗಿನಿಂದ ಮಾಡಿದ ಪ್ಲೇಟು ಕಲ್ಲಿನಷ್ಟು ಭಾರ, ಹಪ್ಪಳದಷ್ಟು ನಾಜೂಕು. ಕೈ ಜಾರಿದರೆ ಒಂದು ರಾಗ ಹೋಯಿತೆಂದೇ ಲೆಕ್ಕ.

ಖಾನಸಾಹೇಬರೆಂದರೆ ಅಬ್ದುಲ್ ಕರೀಂ ಖಾನರು. ಅವರ ಝಿಂಝೋಟಿ ಠುಮ್ರಿ ತಿರುಗುತ್ತಿದೆ. ಗದಗಿನಲ್ಲಿ ಹುಡುಗ ಭೀಮಸೇನ ಅಂಗಡಿಯೊಂದರ ಮುಂದೆ ನಿಂತು ಕೇಳಿದ್ದು, ಕೇಳಿ ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು ಇದೇ ಠುಮ್ರಿಯಿಂದ. ಕಾಕಾ ಕಣ್ಣು ಮುಚ್ಚಿಲ್ಲ, ತಲೆದೂಗುತ್ತಿಲ್ಲ. ಮುಂದೆ ಪೇಟಿ ಇಟ್ಟುಕೊಂಡು ಒಂದು ಮನೆ ಒತ್ತಿ ಹಿಡಿದಿದ್ದಾನೆ. ಇನ್ನೊಂದು ಕೈಯ ಬೆರಳು ಮಶಿನ್ನಿನ ವೇಗದ ಸ್ಕ್ರೂ ಮೇಲಿದೆ. ಕೂದಲೆಳೆಯಷ್ಟು ತಿರುಗಿಸುತ್ತಾನೆ, ದನಿ ಇಳಿಯುತ್ತದೆ. ಮತ್ತೊಂದಿಷ್ಟು ತಿರುಗಿಸುತ್ತಾನೆ, ಏರುತ್ತದೆ.

“ನಿಮಿಷಕ್ಕ ಎಪ್ಪತ್ತೆಂಟು ಸುತ್ತು ಅಂತ ಬರದಾರ ಖರೆ. ಹಾಡಿಸಿ ಹಿಡಿಯೂ ಮುಂದ ಮಶಿನ್ ಎಷ್ಟು ಓಡತಿತ್ತೊ ಯಾರ್ ಬಲ್ರು? ಅರ್ಧ ಸ್ವರ ಮ್ಯಾಲೆ ಹೋತಂದ್ರ ಖಾನಸಾಹೇಬ್ರು ಹುಡುಗ ಆಗತಾರ, ಕೆಳಗಿಳಿಸಿದ್ರ ಮುದುಕ.”

ಇದು ಇಲ್ಲಿಯ ಹಳೆಯ ಜಗಳ. ಸವಣೂರಿನಿಂದ ಬರುವ, ವೀಳ್ಯದೆಲೆ ವ್ಯಾಪಾರದ ನಮ್ಮ ಗೆಳೆಯ “ಕರಿ ಒಂದು” ಎನ್ನುತ್ತಾನೆ, ಕಾಕಾ “ಬಿಳಿ ಎರಡು” ಎನ್ನುತ್ತಾನೆ. ಆ ಎರಡು ಮನೆಯ ನಡುವೆ ಹದಿನೆಂಟು ವರ್ಷದಿಂದ ತೀರ್ಪಾಗಿಲ್ಲ. ಖಾನಸಾಹೇಬರನ್ನೇ ಕೇಳೋಣವೆಂದರೆ ಅವರು 1937ರ ಅಕ್ಟೋಬರಿನಲ್ಲಿ ಪಾಂಡಿಚೇರಿಗೆ ಹೋಗುತ್ತ ಮೈಗೆ ಹುಷಾರಿಲ್ಲವೆಂದು ನಡುವೆ ಗಾಡಿ ಇಳಿದು, ಸಿಂಗಪೆರುಮಾಳ್ ಕೋಯಿಲ್ ಸ್ಟೇಶನ್ನಿನಲ್ಲೇ ಕಣ್ಣು ಮುಚ್ಚಿದರು. ಈ ಮಾತು ಬಂದಾಗಲೆಲ್ಲ ಕಾಕಾ ಕಿಟಕಿಯಾಚೆ ನಮ್ಮ ಸ್ಟೇಶನ್ನಿನ ದೀಪದ ಕಡೆ ನೋಡುತ್ತಾನೆ.

ಮುಂದಿನದು ಸವಾಯಿ ಗಂಧರ್ವರ ಭೈರವಿ. ಪ್ಲೇಟಿಗೆ ಅಂಚಿನಿಂದ ನಡುವಿನ ತನಕ ಕೂದಲು ಸೀಳು. ಪಿನ್ನು ಅದರ ಮೇಲೆ ಹಾಯ್ದಾಗೆಲ್ಲ ‘ಟಕ್’ ಅನ್ನುತ್ತದೆ, ಅಂದರೆ ನಿಮಿಷಕ್ಕೆ ಎಪ್ಪತ್ತೆಂಟು ಟಕ್. ಮೊದಲ ಹತ್ತು ಟಕ್ ಕಿವಿಗೆ ಬಡಿಯುತ್ತವೆ. ಆಮೇಲೆ ಎಲ್ಲಿ ಹೋದವೋ ತಿಳಿಯುವುದಿಲ್ಲ. ಇದೇ ಹಾಡು ಫೋನಿನಲ್ಲಿ ಸೋಸಿ ಶುದ್ಧ ಮಾಡಿದ್ದು ಸಿಗುತ್ತದೆ. ಕೇಳಿದ್ದೇನೆ. ಸೀಳಿನ ಸದ್ದಿನ ಜೊತೆ ಗಂಟಲಿನ ಒಂದು ಜೀರೂ ಅದರಲ್ಲಿ ಸೋಸಿ ಹೋಗಿದೆ. ಟಕ್ ಇರುವುದೇ ವಾಸಿ ಎಂದು ನನ್ನ ಅನಿಸಿಕೆ.

ಚಹಾ ಬಂತು, ಜೊತೆಗೆ ಗಿರಮಿಟ್. ಎಣ್ಣೆಗೈಯಲ್ಲಿ ಪ್ಲೇಟು ಮುಟ್ಟುವಂತಿಲ್ಲ, ಹಾಗಾಗಿ ಇದು ಮಾತಿನ ಹೊತ್ತು. ಮನ್ಸೂರರ ಎರಡು ಕಾಲದ ಮಾತು ಬಂತು. 1930ರ ದಶಕದ ಮೊದಲಿಗೆ ಅವರು ಕೊಟ್ಟ ಗೌಡ ಮಲ್ಹಾರದಲ್ಲಿ ಮಿರಜಿನ ನೀಲಕಂಠಬುವಾರ ಗ್ವಾಲಿಯರ್ ಪಾಠ ನೇರ ನಿಂತಿದೆ. ಮಂಜಿ ಖಾನರ, ಆಮೇಲೆ ಭೂರ್ಜಿ ಖಾನರ ಕೈಯಲ್ಲಿ ಪಳಗಿದ ಮೇಲಿನ ಮನ್ಸೂರರೇ ಬೇರೆ. ಒಂದು ಎಳೆ ಹಿಡಿದರೆ ಉಸಿರು ಬಿಡದೆ ಮುಂದಿನ ಎಳೆಗೆ ಗಂಟು ಹಾಕುತ್ತಾರೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳ ದನಿ ತನಗೆ ಸಿಗಲಿಲ್ಲವಲ್ಲ ಎಂಬುದು ಕಾಕಾನ ಕೊರಗು. ಶಿಷ್ಯರ ದನಿ ಬೇಕಾದಷ್ಟಿದೆ. ಯಲಿವಾಳದ ಬಸವರಾಜ ರಾಜಗುರು ಅವರಿಗೆ ಒಂದು ಪೂರಾ ಖಾನೆ, ದೇವಗಿರಿಯ ಪುಟ್ಟರಾಜ ಗವಾಯಿಗಳಿಗೆ ಅರ್ಧ ಖಾನೆ.

ಆದರೆ ಈ ಮನೆಯಲ್ಲಿ ರಾತ್ರಿ ಬೆಳಗಾಗಿಸುವ ಜೋಡಿ ಬೇರೆಯೇ ಇದೆ. ಎರಡೂ ಒಬ್ಬರದೇ. ಕಾಕಾ ಕೈ ತೊಳೆದು, ಒರೆಸಿ, ಚೀಲದಿಂದ ಒಂದು ಪ್ಲೇಟು ತೆಗೆದ. ನಾಯಿ ಛಾಪ. ಲೇಬಲ್ಲಿನ ಮೇಲೆ ಗಾಂಧಾರಿ ಹಾನಗಲ್ ಎಂಬ ಹೆಸರು. ನಮ್ಮ ಗಂಗೂಬಾಯಿ ಹಾನಗಲ್ಲರ ಆರಂಭದ ಪ್ಲೇಟುಗಳು ಹೊರಬಂದದ್ದು ಈ ಹೆಸರಿನಲ್ಲಿ. ಜಿ. ಎನ್. ಜೋಶಿಯವರ ಜೋಡಿ ಬೆಟಗೇರಿ ಕೃಷ್ಣಶರ್ಮರ ಕವಿತೆ ಹಾಡಿದ ಹುಡುಗಿಯೂ ಇವರೇ. ಪಿನ್ನು ಇಳಿಯಿತು. ಬೆಳ್ಳಿಯ ತಂತಿಯಂಥ ಹೆಣ್ಣುದನಿ. ತಾರ ಸಪ್ತಕಕ್ಕೆ ಹಾರಿ, ತಾನಿನ ನಾಲ್ಕು ಸುತ್ತು ಸುತ್ತಿ, ಮೂರು ನಿಮಿಷ ಮುಗಿಯುವುದರೊಳಗೆ ಓಡಿ ಬಂದು ಸಮಕ್ಕೆ ಕೂಡುತ್ತದೆ.

ಎರಡನೆಯದು ಕ್ಯಾಸೆಟ್ಟು. ಗಂಟಲಿನ ಚಿಕಿತ್ಸೆಯ ನಂತರದ ಗಂಗೂಬಾಯಿ. ತಿಳಿಯದವರಿಗೆ ಕೇಳಿಸಿದರೆ ಗಂಡಸರು ಹಾಡುತ್ತಿದ್ದಾರೆ ಎಂದೇ ಹೇಳುತ್ತಾರೆ. ಷಡ್ಜ ಹಿಡಿದರೆ ತೊಲೆ ಇಟ್ಟಂತೆ. ಓಡುವುದಿಲ್ಲ, ಹಾರುವುದಿಲ್ಲ. ಒಂದು ಸ್ವರದಿಂದ ಮುಂದಿನದಕ್ಕೆ ಹೋಗಲು ನಮ್ಮನ್ನು ಕಾಯಿಸುತ್ತದೆ. ಹಳೆಯ ದನಿ ಹೋಯಿತೆಂದು ಅವರು ಸುಮ್ಮನೆ ಕೂತಿದ್ದರೆ ನಮಗೆ ಇದು ದಕ್ಕುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ, ಗುರುವಿನ ಮನೆಗೆ, ಅವರು ಗಾಡಿಯಲ್ಲಿ ಓಡಾಡಿ ಕಲಿತದ್ದು ಇದೇ ಹಳಿಯ ಮೇಲೆ. ಕುಂದಗೋಳ, ಸಂಶಿ, ಗುಡಗೇರಿ ದಾಟಿದರೆ ನಮ್ಮ ಯಲವಿಗಿ. ಎರಡು ದನಿಯಲ್ಲಿ ಯಾವುದು ಹೆಚ್ಚು ಎಂದು ಕಾಕಾನನ್ನು ಕೇಳಬಾರದು. ಕೇಳಿದರೆ “ನಿನಗ ಬಲಗಣ್ಣು ಬೇಕೊ, ಎಡಗಣ್ಣೊ?” ಅನ್ನುತ್ತಾನೆ. ನನ್ನನ್ನು ಕೇಳಿದರೆ, ಕ್ಯಾಸೆಟ್ಟಿನದೇ.

ಈ ಸಲ ಕಾಕಾನ ಮೊಮ್ಮಗನೂ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕಿವಿಯಲ್ಲಿ ಸದಾ ಬೀಥೋವನ್. ಅಜ್ಜನ ಹುಚ್ಚು ಹುಡುಗನಿಗೂ ಹತ್ತಿದೆ, ದಿಕ್ಕು ಮಾತ್ರ ಬೇರೆ. ಒಂದೇ ಐದನೆಯ ಸಿಂಫನಿಯನ್ನು ಹತ್ತು ಮಂದಿ ನಡೆಸಿದ್ದನ್ನು ಕೂಡಿಟ್ಟಿದ್ದಾನೆ. 1913ರಲ್ಲಿ ಆರ್ಥರ್ ನಿಕಿಶ್ ಬರ್ಲಿನ್ನಿನಲ್ಲಿ ನುಡಿಸಿದ್ದಕ್ಕೆ ಪ್ಲೇಟಿನ ಎಂಟು ಮೈ ಬೇಕಾಗಿತ್ತು ಎಂದ.

“ಅಲ್ಲಿ ಎಲ್ಲಾ ಬರದಿಟ್ಟಿರತಾರ, ಅಜ್ಜಾ. ಒಂದು ಸ್ವರಾನೂ ಬದಲ ಮಾಡೂ ಹಂಗಿಲ್ಲ.”

“ಮತ್ತ ಹತ್ತು ಯಾಕ ಬೇಕು ನಿನಗ?”

ಹುಡುಗ ಉತ್ತರ ಕೊಡಲಿಲ್ಲ, ಫೋನನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದ. ಮೊದಲು ಫುರ್ಟ್‌ವೆಂಗ್ಲರ್, ಬೆನ್ನಿಗೇ 1974ರ ಕಾರ್ಲೋಸ್ ಕ್ಲೈಬರ್. ಎರಡರದೂ ಮೊದಲ ನಾಲ್ಕು ಸ್ವರ ಮಾತ್ರ. ಕಾಕಾ ಮತ್ತೊಮ್ಮೆ ಹಚ್ಚಲು ಸನ್ನೆ ಮಾಡಿದ. ಮೂರನೆಯ ಸಲ ಕೇಳಿ ಹೇಳಿದ: “ಸ್ವರ ಅವ. ಮೊದಲ್ನೇದಂವ ನೊಗಾ ಎತ್ತಿ ಎತ್ತಿನ ಹೆಗಲ ನೋಡಾಕತ್ಯಾನ. ಎರಡನೇದಂವ ಬಂಡಿ ಹೊಡದs ಬಿಟ್ಟ.” ಒಂಬತ್ತನೆಯ ಸಿಂಫನಿಗೆ ಫುರ್ಟ್‌ವೆಂಗ್ಲರ್ 1951ರಲ್ಲಿ ಬೈರಾಯ್ಟಿನಲ್ಲಿ ಎಪ್ಪತ್ತನಾಲ್ಕು ನಿಮಿಷದಷ್ಟು ತೆಗೆದುಕೊಂಡರೆ, ಮರುವರ್ಷ ಟೋಸ್ಕಾನಿನಿ ಸುಮಾರು ಅರವತ್ತೈದಕ್ಕೇ ಮುಗಿಸಿದ ಎಂದು ಹುಡುಗ ಹೇಳಿದ. “ಹತ್ತು ನಿಮಿಷ ಎಲ್ಲಿ ಉಳಿಸಿದ್ನೊ!” ಎಂದು ಸವಣೂರಿನ ಗೆಳೆಯ ನಕ್ಕ.

ಇಂಥ ಸಿಂಫನಿಗಳನ್ನು ರಾಶಿ ಹಾಕಿಕೊಂಡವರು ನಮ್ಮಲ್ಲೂ ಇದ್ದರು. ಅದನ್ನು ನಾನು ಹೇಳಿದೆ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ ಅರಸರು ಪಿಯಾನೊವನ್ನೂ ಬಲ್ಲವರು. ಅವರ ಪ್ಲೇಟುಗಳ ಲೆಕ್ಕವನ್ನು 1950ರ ಹೊತ್ತಿಗೆ ಸುಮಾರು 20,000 ಎಂದು ಅಂದಾಜು ಮಾಡಿದ್ದರು. ಬೇಕಾದದ್ದು ಪೇಟೆಯಲ್ಲಿ ಸಿಗದಿದ್ದರೆ ನಾವು ಗುಜರಿಗೆ ಹೋಗುತ್ತೇವೆ. ಅರಸರು ಹಣ ಕೊಟ್ಟು ಪ್ಲೇಟನ್ನೇ ಮಾಡಿಸಿದರು. 1948ರಲ್ಲಿ ಲಂಡನ್ನಿನ ಫಿಲಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಹೆಚ್ಚು ಮಂದಿ ಕೇಳದಿದ್ದ ರಷ್ಯದ ಮೆಟ್ನರ್ ಅವರ ಪಿಯಾನೊ ಸಂಗೀತವನ್ನು, ಆ ಮುದುಕ ಬದುಕಿರುವಾಗಲೇ, ಅವರ ಕೈಯಿಂದಲೇ ನುಡಿಸಿ ಹಿಡಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. 1949ರಲ್ಲಿ ಕರಾಯನ್ ಅದೇ ಫಿಲಹಾರ್ಮೋನಿಯಾದಿಂದ ಬಾಲಕಿರೆವ್‌ನ ಮೊದಲ ಸಿಂಫನಿ ನುಡಿಸಿ ಪ್ಲೇಟು ಮಾಡಿದ್ದೂ ಆ ಹಣದ ಕಾಲದಲ್ಲೇ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಹಾಡುಗಳನ್ನು ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದಾಗ ವಾದ್ಯವೃಂದ ನಡೆಸಿದವನು ಇದೇ ಫುರ್ಟ್‌ವೆಂಗ್ಲರ್, ಖರ್ಚಿಗೆ ಖಾತ್ರಿ ನಿಂತವರು ಇದೇ ಅರಸರು. ಅವರಿಗೆ ಹೋಗಲಾಗಲಿಲ್ಲ. ಅಂದಿನ ಹಾಡನ್ನು ಹಿಡಿದು ಅವರ ಸಂಗ್ರಹಕ್ಕೆಂದು ಮೈಸೂರಿಗೆ ಕಳಿಸಿದರು. ಆಗ ನಮ್ಮ ಯಲವಿಗಿ ಮುಂಬೈ ರಾಜ್ಯದಲ್ಲಿತ್ತು. ಮೈಸೂರೆಂದರೆ ದಸರೆಗೆ ಹೋಗಿ ನೋಡಿ ಬರುವ ಪರಸ್ಥಳ.

ಕಾಕಾ ಎಲ್ಲ ಕೇಳಿಸಿಕೊಂಡ. ಅರಸೊತ್ತಿಗೆ, ಆಲ್ಬರ್ಟ್ ಹಾಲು ಯಾವುದೂ ಅವನಿಗೆ ನಾಟಲಿಲ್ಲ.

“ಒಡೀದಂಗ ಬಂದು ಮುಟ್ಟಿದ್ವೇನು, ಆ ಪ್ಲೇಟು?”

ಹನ್ನೊಂದು ಹೊಡೆದ ಮೇಲೆ ಮಾರವಾ ಕ್ಯಾಸೆಟ್ಟು ಹೊರಬರುತ್ತದೆ. ಅದು ಈ ರಾತ್ರಿಯ ಕಟ್ಟಳೆ. ಶನಿವಾರ ರಾತ್ರಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಬರುವಾಗ ಕಾಕಾ ರೇಡಿಯೊದ ಮುಂದೆ ಮೈಕು ನಿಲ್ಲಿಸಿ, ಮನೆಮಂದಿಯನ್ನೆಲ್ಲ ಹೊರಗೆ ಕಟ್ಟೆಗೆ ಕಳಿಸಿ ಹಿಡಿದದ್ದು. ಗಂಗೂಬಾಯಿಯವರ ಮಾರವಾ. ಆ ರಾಗದಲ್ಲಿ ಪಂಚಮವೇ ಇಲ್ಲ. ಷಡ್ಜ ಇದ್ದೂ ಇಲ್ಲದಂತೆ, ಹಾಡುವವರು ಅದರ ಸುತ್ತಲೇ ಸುಳಿಯುತ್ತಾರೆ, ಕೋಮಲ ರಿಷಭದ ಮೇಲೆ, ಧೈವತದ ಮೇಲೆ ನಿಲ್ಲುತ್ತಾರೆ, ಮನೆಗೆ ಮಾತ್ರ ಬರುವುದಿಲ್ಲ. ಗಂಗೂಬಾಯಿ ಹಾಗೆ ಹೊತ್ತುಗಟ್ಟಲೆ ಹೊರಗೇ ನಿಲ್ಲಿಸಿ, ಇನ್ನೇನು ಷಡ್ಜಕ್ಕೆ ಬರುತ್ತಾರೆ ಎನ್ನುವಾಗ, ಮೀಟರ್ ಗೇಜಿನ ಕಾಲದ ಗಾಡಿಯೊಂದು ಯಲವಿಗಿ ಹೊರಸಿಗ್ನಲ್ ದಾಟುತ್ತ ಉದ್ದಕ್ಕೆ ಸೀಟಿ ಹಾಕುತ್ತದೆ. ಆ ಸೀಟಿ ಬಿದ್ದದ್ದು ನೆಟ್ಟಗೆ ಷಡ್ಜಕ್ಕೆ! ಅವರು ಬರುವ ಮೊದಲೇ ಗಾಡಿ ಬಂದುಬಿಡುತ್ತದೆ. ಪೇಟಿ ಹಿಡಿದು ನೋಡಿದ್ದೇವೆ, ತುಸು ಇಳಿದಿದೆ ಅಷ್ಟೆ.

ಮೊಮ್ಮಗ ಫೋನು ತೆಗೆದ. “ಅಜ್ಜಾ, ಇದs ಹಾಡು ಬ್ಯಾರೆ ಕಡೆ ಹಿಡದದ್ದು ಸಿಕ್ಕೈತಿ. ಧಾರವಾಡದ ಗೆಳ್ಯಾನ ಮನ್ಯಾಗಿಂದು. ಅದs ಶನಿವಾರದ್ದು. ಭಾಳ ಸ್ವಚ್ಛ ಐತಿ.”

ಖರೆಯೇ, ಸ್ವಚ್ಛವಾಗಿತ್ತು. ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆ ಕೇಳಿಸಿದವು. ನಮ್ಮ ಕ್ಯಾಸೆಟ್ಟಿನಲ್ಲಿ ಇಷ್ಟು ವರ್ಷ ಒಮ್ಮೆಯೂ ಕಿವಿಗೆ ಬೀಳದ, ಜೊತೆಗೆ ಹಾಡುವವರ ಮೆಲುದನಿ ಮೇಲೆ ಬಂತು. ಒಂದು ಕಡೆ ಕೂಸು ಅತ್ತಿತು. ಯಾರೋ “ಶ್ ಶ್” ಅಂದರು. ಬಾಗಿಲು ಮುಂದಕ್ಕೆ ಹಾಕಿದ ಸದ್ದು. ಕಾಕಾ ಮುಂದಕ್ಕೆ ಬಾಗಿ ಕುಳಿತ. ಆ ಮನೆಯವರನ್ನು ಗುರುತು ಹಿಡಿದವನಂತೆ ಸಣ್ಣಗೆ ನಕ್ಕ. ರಾಗ ಏರಿತು, ಸುಳಿಯಿತು. ಧೈವತ, ನಿಷಾದ, ಕೋಮಲ ರಿಷಭ. ಆ ಜಾಗ ಹತ್ತಿರ ಬಂದಂತೆ ನಾವೆಲ್ಲರೂ ಗೊತ್ತಿಲ್ಲದೆ ಕಿಟಕಿಯ ಕಡೆ ಹೊರಳಿದ್ದೆವು.

ಫೋನಿನಲ್ಲಿ ಏನೂ ಆಗಲಿಲ್ಲ. ಗಂಗೂಬಾಯಿ ತಮ್ಮ ಪಾಡಿಗೆ ತಾವು, ನಿಧಾನಕ್ಕೆ, ಷಡ್ಜಕ್ಕೆ ಬಂದರು.

“ಗಾಡಿ ತಪ್ಪಿತು ನೋಡು,” ಎಂದ ಕಾಕಾ. ಆಮೇಲೆ ಮೊಮ್ಮಗನ ಕಡೆ ತಿರುಗಿ, “ಇದನ್ನೂ ಒಂದು ಕ್ಯಾಸೆಟ್ಟಿಗೆ ಹಾಕಿಕೊಡೊ ತಮ್ಮಾ. ‘ಕೂಸಿನ ಮಾರವಾ’ ಅಂತ ಬರದಿಡ್ತೀನಿ.”