ಕಬಡ್ಡಿ ಆಡುವಾಗ ಕಾಲು ಉಳುಕಿತಾ? ನೋವು ಹೋದ ಮಾತ್ರಕ್ಕೆ ವಾಸಿ ಆಯ್ತು ಅಂತಲ್ಲ!

ಸುಗ್ಗಿ ಮುಗಿದ್ರೆ ಸಾಕು, ಹಳ್ಳಿ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರು. ಬ್ಯಾನರ್, ಟ್ರೋಫಿ, ಮೈಕು ಎಲ್ಲಾ ಜೋರು. ಆದ್ರೆ ಅಂಕಣದಲ್ಲಿ ಹುಡುಗನೊಬ್ಬ ಕಾಲು ಹಿಡ್ಕೊಂಡು ಬಿದ್ರೆ ಏನು ಮಾಡ್ಬೇಕು ಅನ್ನೋದು ಹೆಚ್ಚಿನವರಿಗೆ ಗೊತ್ತಿರಲ್ಲ. ಒಬ್ಬ ಸ್ಪ್ರೇ ಹೊಡೀತಾನೆ, ಇನ್ನೊಬ್ಬ ಕಾಲು ಹಿಡಿದು ಎಳೀತಾನೆ. ಮುಂದಿನ ಭಾನುವಾರ ನೋವಿನ ಮಾತ್ರೆ ನುಂಗಿ ಮತ್ತೆ ರೈಡ್! ಆದ್ರೆ ಸೋಮವಾರ ಮೂಟೆ ಹೊರೋದು, ಬೈಕ್ ಕಿಕ್ ಹೊಡೆಯೋದು, ಗದ್ದೆಗೆ ಇಳಿಯೋದು ಅದೇ ಕಾಲಲ್ಲಿ ತಾನೇ?

ಮೊದಲ ಮೂರು ದಿನ

ಹಿಮ್ಮಡಿ ಗಂಟಿನ ಹತ್ತಿರ ಉಳುಕು ಅಂದ್ರೆ ಮೂಳೆಗಳನ್ನು ಹಿಡಿದಿಟ್ಟ ಲಿಗಮೆಂಟ್ ಎಂಬ ನಾರು ಜಗ್ಗಿದೆ ಅಥವಾ ಹರಿದಿದೆ ಅಂತ ಅರ್ಥ. ಆಟ ಅಲ್ಲೇ ನಿಲ್ಲಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ ಹೀಗೆ ಮಾಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ. ಬೆರಳು ತಣ್ಣಗಾದ್ರೆ, ನೀಲಿಯಾದ್ರೆ, ಜುಮ್ಮೆಂದ್ರೆ ಕಟ್ಟು ಬಿಗಿಯಾಗಿದೆ ಅಂತ. ತಕ್ಷಣ ಸಡಿಲಿಸಿ. ಯಾರು ಕಟ್ಟಿದ ಕಟ್ಟಾದ್ರೂ ಸರಿ, ಈ ಮಾತು ಮರೀಬೇಡಿ.

ಈ ಮೂರು ದಿನ ಬಿಸಿ ಎಣ್ಣೆ ತಿಕ್ಕೋದು, ಬಿಸಿನೀರಿನ ಶಾಖ, ಮದ್ಯ ಬೇಡ. ಇವುಗಳಿಂದ ಒಳಗಿನ ರಕ್ತಸ್ರಾವ, ಊತ ಹೆಚ್ಚಾಗುತ್ತೆ. ‘ಉಳುಕು ತೆಗೀತೀನಿ’ ಅಂತ ಎಳೆಯೋಕೂ ಬಿಡ್ಬೇಡಿ. ಒಳಗೆ ಮೂಳೆ ಸೀಳಿದ್ರೆ ಹೊರಗಿಂದ ಕಾಣಲ್ಲ.

ಎಕ್ಸ್‌ರೇ ಯಾವಾಗ?

ನಾಲ್ಕು ಹೆಜ್ಜೆ ಊರಿ ನಡೆಯೋಕೆ ಆಗದಿದ್ರೆ, ಅಥವಾ ಗಂಟಿನ ಮೂಳೆಯನ್ನೇ ಒತ್ತಿದಾಗ ಜೀವ ಹೋಗುವಂಥ ನೋವಿದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇನ್ನು ಡಿಕ್ಕಿ ಹೊಡೆದು ಕುತ್ತಿಗೆ ನೋವು, ಕೈಕಾಲು ಮರಗಟ್ಟಿದೆ ಅಂದ್ರೆ ಎತ್ತಿ ಕೂರಿಸಬೇಡಿ, ಅಲುಗಾಡಿಸಬೇಡಿ. 108ಕ್ಕೆ ಫೋನ್ ಮಾಡಿ.

ಮಂಡಿಯಲ್ಲಿ ‘ಟಪ್’ ಅಂದ್ರೆ ಹುಷಾರ್

ರೈಡರ್ ಗಕ್ಕನೆ ತಿರುಗಿದಾಗ ಪಾದ ಮ್ಯಾಟ್‌ನಲ್ಲೇ ಕಚ್ಕೊಂಡು ಮಂಡಿ ಮಾತ್ರ ತಿರುಗುತ್ತೆ. ಆಗ ‘ಟಪ್’ ಅಂದು, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡ್ರೆ ಎಸಿಎಲ್ ಎಂಬ ಲಿಗಮೆಂಟ್ ಹರಿದಿರಬಹುದು. ಇದು ಎಕ್ಸ್‌ರೇಯಲ್ಲಿ ಕಾಣಲ್ಲ, ವೈದ್ಯರು ಕೈಯಿಂದ ಪರೀಕ್ಷಿಸಿ ಎಂಆರ್‌ಐ ಬರೀತಾರೆ. ಮೋಸ ಇರೋದು ಮುಂದೆ. ಕೆಲವು ವಾರಕ್ಕೆ ಊತ ಇಳಿದು ಹುಡುಗ ಆರಾಮಾಗಿ ನಡೀತಾನೆ. ‘ವಾಸಿ ಆಯ್ತು’ ಅಂತ ಅಂಕಣಕ್ಕೆ ಇಳಿದು ತಿರುಗಿದ್ರೆ ಮಂಡಿ ಜಾರುತ್ತೆ. ಹೀಗೆ ಪದೇ ಪದೇ ಜಾರಿದ್ರೆ ಒಳಗಿನ ಮೆತ್ತೆಯೂ ಹರಿದು, ಸಣ್ಣ ವಯಸ್ಸಿಗೇ ಮಂಡಿ ಸವೆತ ಬರಬಹುದು.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ವ್ಯಾಯಾಮದಿಂದಲೇ ದಿನದ ಕೆಲಸ ಮಾಡ್ಕೊಂಡು ಹೋಗುವವರಿದ್ದಾರೆ. ಆಪರೇಷನ್ ಆದ್ರೆ ಮತ್ತೆ ಆಡೋಕೆ ಕನಿಷ್ಠ 9 ತಿಂಗಳು ಬೇಕು. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮಂಡಿ ಗಾಯದಿಂದ ಸ್ಟ್ರೆಚರ್ ಮೇಲೆ ಹೊರಬಂದ್ರು. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ರು. ಆ ನಡುವೆ ಇದ್ದದ್ದು ಚಿಕಿತ್ಸೆ, ವ್ಯಾಯಾಮ, ತಾಳ್ಮೆ.

ಮಲಗಿದ್ರೆ ಸಾಲದು, ವ್ಯಾಯಾಮ ಬೇಕು

ಸಾಮಾನ್ಯ ಉಳುಕಾದ್ರೆ ಮೂರು ದಿನದ ನಂತರ, ನೋವು ತಡೆಯುವಷ್ಟು ಮಟ್ಟಿಗೆ ಪಾದವನ್ನು ಮೇಲೆ-ಕೆಳಗೆ ಆಡಿಸಿ. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತೋದು, ನಂತರ ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲೋದು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವುದು ಹೆಚ್ಚು, ಅದಕ್ಕೇ ಈ ಬ್ಯಾಲೆನ್ಸ್ ಅಭ್ಯಾಸ ಮುಖ್ಯ. ಗಾಯಗೊಂಡ ಕಾಲಲ್ಲಿ ಕುಪ್ಪಳಿಸಿ, ಓಡಿ, ಗಕ್ಕನೆ ನಿಂತು, ತಿರುಗಿ ನೋಡಿ. ಮಾತ್ರೆ ಇಲ್ಲದೆ ಇಷ್ಟನ್ನೂ ಮಾಡೋಕಾದ್ರೆ ಮಾತ್ರ ಅಂಕಣಕ್ಕೆ ಇಳೀರಿ.

ದುಡ್ಡಿನ ಚಿಂತೆನಾ?

ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಗೆ ಅವಕಾಶವಿದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತಾ ಅಂತ ರೇಷನ್ ಕಾರ್ಡ್, ಆಧಾರ್ ಹಿಡ್ಕೊಂಡು ಹೋಗಿ ಕೇಳಿ.

ಟೂರ್ನಿಗೆ ಚಂದಾ ಕೊಡುವ ಅಂಗಡಿ ಮಾಲೀಕರಿಗೂ ಒಂದು ಮಾತು. ಟ್ರೋಫಿ ಒಂದಿಂಚು ಚಿಕ್ಕದಾದ್ರೂ ಪರವಾಗಿಲ್ಲ. ಅಂಕಣದ ಪಕ್ಕ ಒಂದು ಐಸ್ ಬಾಕ್ಸ್, ನಾಲ್ಕು ಕ್ರೇಪ್ ಬ್ಯಾಂಡೇಜ್, ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಒಂದು ಗಾಡಿ ಇರೋ ಹಾಗೆ ನೋಡ್ಕೊಳ್ಳಿ. ಕಾಲು ಹಿಡ್ಕೊಂಡ ಹುಡುಗನಿಗೆ ‘ಏನಾಗಲ್ಲ, ಇನ್ನೊಂದು ರೈಡ್ ಹೋಗು’ ಅಂತ ಮಾತ್ರ ಕೂಗಬೇಡಿ.