ಹೆಸರು ಮುಚ್ಚಿಡಿ, ಲೆಕ್ಕ ಬಿಚ್ಚಿಡಿ

ಕೋಲ್ಕತ್ತದವರಿಗೆ ಫುಟ್‌ಬಾಲ್, ರಸಗುಲ್ಲಗಳ ಜೊತೆಗೆ ಹೆಮ್ಮೆ ಪಡಲು ಇನ್ನೊಂದು ಸಂಗತಿಯೂ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) 2022ರ ವರದಿಯಲ್ಲಿ ಈ ನಗರ ಸತತ ಮೂರನೇ ವರ್ಷ ದೇಶದ ಅತ್ಯಂತ ಸುರಕ್ಷಿತ ಮಹಾನಗರ ಎನಿಸಿಕೊಂಡಿತು. ಲಕ್ಷ ಜನಸಂಖ್ಯೆಗೆ 86.5 ಸಂಜ್ಞೇಯ ಅಪರಾಧಗಳು. ಸೆಕ್ಟರ್ ಫೈವ್‌ನ ಆಫೀಸ್ ಕ್ಯಾಂಟೀನಿನಲ್ಲಿ ಬೆಂಗಳೂರಿನವರಾದ ನಮ್ಮನ್ನು ಛೇಡಿಸಲು ಬಂಗಾಳಿ ಗೆಳೆಯರಿಗೆ ಇದೊಂದು ಅಂಕಿ ಸಾಕು.

ಹೊಟ್ಟೆಪಾಡಿಗೆ ದತ್ತಾಂಶದ ಜೊತೆ ಏಗುವವನಾದ್ದರಿಂದ ಇಂಥ ಕೋಷ್ಟಕ ಕಂಡರೆ ನನ್ನ ಕಣ್ಣು ಮೊದಲು ಕಾಲಂಗಳ ಮೇಲೆ ಹೋಗುತ್ತದೆ. ಕೊಲೆಯ ಉದ್ದೇಶಗಳಿಗೆ ಎನ್‌ಸಿಆರ್‌ಬಿ ವರದಿಯಲ್ಲಿ ಪ್ರತ್ಯೇಕ ಕೋಷ್ಟಕವೇ ಇದೆ. ಜಗಳ, ವೈಯಕ್ತಿಕ ದ್ವೇಷ, ಹಣದಾಸೆ, ಪ್ರೇಮ ಪ್ರಕರಣ, ಜಾತಿ, ಕೋಮು, ಮರ್ಯಾದೆಗೇಡು ಹತ್ಯೆ ಎಂದೆಲ್ಲ ವಿಂಗಡಿಸಿದ್ದಾರೆ. ಆದರೆ ಅಲ್ಲಿರುವುದು ಬರೀ ಮೊತ್ತ. ಯಾವ ಪ್ರಕರಣ ಯಾವ ಕಾಲಂಗೆ ಬಿತ್ತು, ಯಾಕೆ ಬಿತ್ತು ಎಂದು ಹೊರಗಿನವರು ತಾಳೆ ನೋಡಲು ದಾರಿಯಿಲ್ಲ.

ಇದು ಬರೀ ತಾಂತ್ರಿಕ ತಕರಾರಲ್ಲ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ ಕೇರಳದಿಂದ ಬಂದಿದ್ದ ಒಬ್ಬ ವ್ಯಕ್ತಿಯನ್ನು ಗುಂಪೊಂದು ಹೊಡೆದು ಕೊಂದಿತು. ಪೊಲೀಸರು ಮೊದಲು ದಾಖಲಿಸಿಕೊಂಡದ್ದು ಅಸಹಜ ಸಾವು ಎಂದು. ಮರಣೋತ್ತರ ಪರೀಕ್ಷೆಯಲ್ಲಿ ಏಟಿನ ವಿವರ ಹೊರಬಂದ ಮೇಲೆ ಗುಂಪು ಹತ್ಯೆಯ ಪ್ರಕರಣವಾಯಿತು. ಕರ್ತವ್ಯಲೋಪಕ್ಕಾಗಿ ಮೂವರು ಪೊಲೀಸರು ಅಮಾನತಾದರು. ಯಾರೂ ದನಿ ಎತ್ತದಿದ್ದರೆ ಆ ಸಾವು ಕೊಲೆಯ ಲೆಕ್ಕಕ್ಕೇ ಬರುತ್ತಿತ್ತೋ ಇಲ್ಲವೋ. ವರ್ಷಾಂತ್ಯದ ಮೊತ್ತ ನೋಡಿ ಇಂಥ ಲೋಪ ಹಿಡಿಯಲಾಗದು. ಒಂದೊಂದು ಪ್ರಕರಣದ ಸಾಲೂ ಬೇಕು.

ಆ ಸಾಲು ನಮ್ಮಲ್ಲಿ ಎಲ್ಲೂ ಸಿಗುವುದಿಲ್ಲ. ಎನ್‌ಸಿಆರ್‌ಬಿ 2017ರಲ್ಲಿ ಗುಂಪು ಹತ್ಯೆ, ದ್ವೇಷಾಪರಾಧಗಳ ಮಾಹಿತಿ ಸಂಗ್ರಹಿಸಿತ್ತು. ಇವುಗಳಿಗೆ ಕಾನೂನಿನಲ್ಲಿ ವ್ಯಾಖ್ಯೆಯಿಲ್ಲ, ಬಂದ ಮಾಹಿತಿ ನಂಬಲರ್ಹವಲ್ಲ ಎಂದು ಅದನ್ನು ಕೈಬಿಡಲಾಯಿತು. ಖಾಸಗಿ ಪ್ರಯತ್ನಗಳೂ ಬಾಳಲಿಲ್ಲ. ‘ಹಿಂದೂಸ್ತಾನ್ ಟೈಮ್ಸ್’ನ ಹೇಟ್ ಟ್ರ್ಯಾಕರ್ 2017ರಲ್ಲಿ ಶುರುವಾಗಿ ಅದೇ ವರ್ಷ ನಿಂತಿತು. ಫ್ಯಾಕ್ಟ್‌ಚೆಕರ್‌ನ ಹೇಟ್ ಕ್ರೈಮ್ ವಾಚ್ 2018ರಲ್ಲಿ ಬಂದು 2019ರಲ್ಲಿ ಮರೆಯಾಯಿತು.

ವ್ಯಾಖ್ಯೆಯಿಲ್ಲ ಎಂಬ ನೆಪ ಈಗ ನಡೆಯದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ, ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಇತ್ಯಾದಿ ಕಾರಣಕ್ಕೆ ಐದು ಅಥವಾ ಹೆಚ್ಚು ಜನರ ಗುಂಪು ಮಾಡುವ ಕೊಲೆಯನ್ನು ಪ್ರತ್ಯೇಕ ಅಪರಾಧವಾಗಿಸಿದೆ. ಹುಟ್ಟಿದ ಊರು, ಭಾಷೆ ಎಂಬ ಎರಡು ಪದಗಳನ್ನು ಹೊರನಾಡಿನಲ್ಲಿ ದುಡಿಯುವ ನಾವು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಎಲ್ಲ ಕಡತವನ್ನೂ ಅಂತರ್ಜಾಲಕ್ಕೆ ಏರಿಸಿಬಿಡಬಹುದೇ? ಕೋಲ್ಕತ್ತದಲ್ಲಿದ್ದವರಿಗೆ ಅದರ ಅಪಾಯ ಗೊತ್ತು. 2024ರ ಆಗಸ್ಟ್‌ನಲ್ಲಿ ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದಾಗ ಆಕೆಯ ಹೆಸರು, ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಿದವು. ಅವನ್ನು ಎಲ್ಲ ಜಾಲತಾಣಗಳಿಂದ ತೆಗೆಯುವಂತೆ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು. ಅದು ದ್ವೇಷಾಪರಾಧವಲ್ಲದಿದ್ದರೂ, ಸತ್ತವರಿಗೂ ಘನತೆಯಿದೆ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. 2017ರ ಡಿಸೆಂಬರ್‌ನಲ್ಲಿ, ಬಂಗಾಳದಿಂದ ರಾಜಸ್ಥಾನಕ್ಕೆ ದುಡಿಯಲು ಹೋಗಿದ್ದ ಕಾರ್ಮಿಕನೊಬ್ಬನನ್ನು ಕೊಂದವರು ಅದರ ವಿಡಿಯೊವನ್ನೇ ಹರಿಯಬಿಟ್ಟರು. ಇಂಥ ಕಡೆ ಮಾಹಿತಿಯ ಹೆಸರಿನಲ್ಲಿ ಕ್ರೌರ್ಯವೇ ಎರಡನೇ ಸಲ ನಡೆಯುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತ ಪ್ರಕರಣಕ್ಕೆ ಹೆಸರು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆ ಹಕ್ಕನ್ನು ಕಾಯಲು ಹೆಸರು ಅಳಿಸಿದರೆ ಸಾಲದು. 1990ರ ದಶಕದಲ್ಲಿ ಅಮೆರಿಕದ ಲಟಾನ್ಯಾ ಸ್ವೀನಿ, ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ ಮ್ಯಾಸಚೂಸೆಟ್ಸ್ ಗವರ್ನರರ ದಾಖಲೆಯನ್ನೇ ಹೆಕ್ಕಿ ತೆಗೆದರು. ಅದಕ್ಕೆ ಹುಟ್ಟಿದ ದಿನ, ಲಿಂಗ, ಅಂಚೆ ಸಂಖ್ಯೆ ಸಾಕಾದವು. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಒಂದೇ ಇಂಥ ಕೊಲೆ ನಡೆದರೆ ತಾರೀಕು, ವಯಸ್ಸು, ಧರ್ಮ ಹೇಳಿದ ಕ್ಷಣವೇ ಮನೆಯ ಬಾಗಿಲು ತೋರಿಸಿದಂತೆ. ಆ ಮನೆಯಲ್ಲಿ ಸಾಕ್ಷಿ ಹೇಳಬೇಕಾದವರು ಇರುತ್ತಾರೆ, ಶಾಲೆಗೆ ಹೋಗುವ ಮಕ್ಕಳಿರುತ್ತಾರೆ.

ಈ ಇಕ್ಕಟ್ಟಿಗೆ ಒಂದು ದಾರಿಯಿದೆ. ವ್ಯಕ್ತಿಯ ಮಾಹಿತಿ ಬೇರೆ, ವ್ಯವಸ್ಥೆಯ ಮಾಹಿತಿ ಬೇರೆ. ಎಫ್‌ಐಆರ್ ಎಷ್ಟು ದಿನಕ್ಕೆ ಆಯಿತು, ಮೊದಲು ಯಾವ ಕಲಂ ಹಾಕಿದರು, ಆಮೇಲೆ ಯಾವುದಕ್ಕೆ ಬದಲಾಯಿತು, ದೋಷಾರೋಪ ಪಟ್ಟಿ ಯಾವಾಗ ಸಲ್ಲಿಕೆಯಾಯಿತು, ಪರಿಹಾರ ತಲುಪಿತೇ, ತೀರ್ಪು ಏನಾಯಿತು? ಇವೆಲ್ಲ ಸರ್ಕಾರದ ಕೆಲಸದ ವಿವರಗಳು. ಜಿಲ್ಲೆ, ತಿಂಗಳುಗಳ ಜೊತೆ ಪ್ರಕರಣವಾರು ಸಾರ್ವಜನಿಕವಾಗಲಿ. ಹಳ್ಳಿ, ವಿಳಾಸ, ಫೋನ್, ಸಾಕ್ಷಿಗಳ ಗುರುತು ಒಳಗಿರಲಿ. ಪತ್ರಿಕೆಯಲ್ಲಿ ಹೆಸರು ಈಗಾಗಲೇ ಬಂದಿರಬಹುದು. ಆದರೆ ಸರ್ಕಾರಿ ಕೋಷ್ಟಕ ಆ ಕುಟುಂಬದ ಬಗ್ಗೆ ಹೊಸದೇನನ್ನೂ ಬಯಲು ಮಾಡಬಾರದು. ಆರೋಪಿ ಖುಲಾಸೆಯಾದರೆ ಆ ಸಾಲೂ ಕೂಡಲೇ ತಿದ್ದುಪಡಿಯಾಗಬೇಕು.

ಇದೇನು ಆಗದ ಕೆಲಸವಲ್ಲ. ಅಮೆರಿಕದಲ್ಲಿ 1990ರ ಕಾಯ್ದೆಯಿಂದಾಗಿ ಎಫ್‌ಬಿಐ ಹೆಸರಿಲ್ಲದ ಘಟನಾವಾರು ದಾಖಲೆಯನ್ನು ಪ್ರಕಟಿಸುತ್ತದೆ, ಎಲ್ಲ ಪೊಲೀಸ್ ಇಲಾಖೆಗಳೂ ವರದಿ ಕೊಡುವುದಿಲ್ಲ ಎಂಬ ಕೊರತೆ ಅಲ್ಲಿದ್ದರೂ. ಅಷ್ಟು ದೂರ ಯಾಕೆ, ಇದೇ ಕೋಲ್ಕತ್ತದ ಬಾರಾನಗರದಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆ ಕಟ್ಟಿದ ಪಿ.ಸಿ. ಮಹಾಲನೋಬಿಸ್ ಅವರು ರೂಪಿಸಿದ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನೇ ನೋಡಿ. ಮನೆಮನೆಯ ಖರ್ಚುವೆಚ್ಚದ ವಿವರ ಹೆಸರಿಲ್ಲದೆ ಸಂಶೋಧಕರಿಗೆ ಸಿಗುತ್ತದೆ. ಹೆಚ್ಚು ಸೂಕ್ಷ್ಮವಾದ ಕೊಲೆ ಕಡತಗಳನ್ನು ಮುಚ್ಚಳಿಕೆ ಬರೆಸಿಕೊಂಡು, ಕಚೇರಿಯೊಳಗೇ ಓದಲು ಕೊಡಬಹುದು. ಸತ್ತವರ ಹೆಸರು ಹೇಳಬೇಕೋ ಬೇಡವೋ ಎಂಬುದನ್ನು, ಕಾನೂನು ತಡೆಯದ ಕಡೆ, ಕುಟುಂಬವನ್ನೇ ಕೇಳಬೇಕು. ಕೆಲವರಿಗೆ ಆ ಹೆಸರು ಮರೆಯಾಗಬಾರದು, ಕೆಲವರಿಗೆ ನೆಮ್ಮದಿ ಬೇಕು.

ನನಗಿರುವ ಆತಂಕ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಕತ್ತರಿಸಿ, ವೈಯಕ್ತಿಕ ಮಾಹಿತಿ ಎಂದರೆ ಸಾಕು, ನಿರಾಕರಿಸಬಹುದು ಎಂಬಲ್ಲಿಗೆ ತಂದಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ 8(2) ಇನ್ನೂ ಉಳಿದಿದೆ. ಅದನ್ನು ಬಳಸುವ ಮನಸ್ಸು ಅಧಿಕಾರಿಗಿರಬೇಕು. ಇಲ್ಲದಿದ್ದರೆ ಸತ್ತವರ ಮನೆಯವರನ್ನು ಕಾಯಬೇಕಾದ ಖಾಸಗಿತನದ ಪರದೆಯ ಹಿಂದೆ, ಎಫ್‌ಐಆರ್ ಹಾಕದ ಠಾಣೆ ಅಡಗಿ ಕೂರುತ್ತದೆ.

ಕೋಲ್ಕತ್ತದ 86.5 ಎಂಬ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಇಲ್ಲಿನ ಬಸ್ಸಿನಲ್ಲಿ ಕನ್ನಡದಲ್ಲಿ ಫೋನಿಗೆ ಜೋರಾಗಿ ಮಾತಾಡುತ್ತ ಬಂದರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಈ ಸುರಕ್ಷತೆ ಎಲ್ಲರಿಗೂ ಇದೆಯೇ ಎಂಬುದಕ್ಕೆ ನನ್ನ ಅನುಭವ ಸಾಕ್ಷಿಯಾಗಲಾರದು. ಅದಕ್ಕೆ ಲೆಕ್ಕ ಬೇಕು, ಯಾರು ಬೇಕಾದರೂ ತಾಳೆ ನೋಡಬಹುದಾದ ಲೆಕ್ಕ.