ಸೀಜನ್ ಇಲ್ಲದ ಮಹಾಬಳೇಶ್ವರ

"ಜುಲೈದಾಗ ಯಾರರೆ ಮಹಾಬಳೇಶ್ವರಕ್ಕ ಹೋಗತಾರೇನಲೇ? ಮಂಜಿನಾಗ ಏನ ನೋಡತೀ?" ಎಂದು ಹಾಸ್ಟೆಲಿನ ಗೆಳೆಯರು ನಕ್ಕರು. ನನ್ನ ಉತ್ತರ ಸರಳವಾಗಿತ್ತು. ಮೇ ತಿಂಗಳಲ್ಲಿ ಹೋಗಲು ನನ್ನ ಜೇಬು ಒಪ್ಪುವುದಿಲ್ಲ. ಮಳೆಗಾಲದಲ್ಲಿ, ಅದೂ ಶನಿವಾರ ಭಾನುವಾರ ಬಿಟ್ಟು ಹೋದರೆ, ಅದೇ ಖೋಲಿ ಅರ್ಧ ಬಾಡಿಗೆಗೆ ಸಿಗುತ್ತದೆ. ನನಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಈ 'ಸೀಜನ್' ಎಂದರೇನು ಎಂಬುದನ್ನು ನೋಡೋಣ. ಅದು ಆ ಊರಿನ ಋತು ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಅಲ್ಲಿಗೆ ಬರುವವರ ಊರಿನ ಋತು. ನಾವು ಕ್ರಿಕೆಟ್ಟಿನಿಂದಾಗಿ ವೆಸ್ಟ್ ಇಂಡೀಸ್ ಎಂದು ಬಲ್ಲ ಕೆರಿಬಿಯನ್ ದ್ವೀಪಗಳನ್ನೇ ತೆಗೆದುಕೊಳ್ಳಿ. ಅಲ್ಲಿ ವರ್ಷವಿಡೀ ಬೆಚ್ಚಗೇ ಇರುತ್ತದೆ. ಆದರೂ ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಹೋಟೆಲುಗಳ ದರ ಏರಿಬಿಡುತ್ತದೆ. ಯಾಕೆಂದರೆ ಆಗ ನ್ಯೂಯಾರ್ಕ್, ಟೊರಾಂಟೊ, ಲಂಡನ್ನಿನ ಜನ ಚಳಿಗೆ ನಡುಗುತ್ತಿರುತ್ತಾರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್ ಸಾಗರದ ಚಂಡಮಾರುತದ ಕಾಲ. ಆಗ ದರ ಇಳಿಯುತ್ತದೆ. ಹಾಗಂತ ದಿನಾಲೂ ಬಿರುಗಾಳಿ ಬೀಸುವುದಿಲ್ಲ. ಅದು ಲಾಟರಿ ಇದ್ದ ಹಾಗೆ. ಒಂದು ದ್ವೀಪ ಎಷ್ಟೋ ವರ್ಷ ತಪ್ಪಿಸಿಕೊಳ್ಳುತ್ತದೆ, ಒಂದು ವರ್ಷ ಮನೆಗಳ ಮೇಲೆ ಮಾಡೇ ಉಳಿಯುವುದಿಲ್ಲ. 2024ರ ಜೂನ್ 29ರಂದು ನಮ್ಮ ತಂಡ ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ ಗೆದ್ದಿತಲ್ಲ, ಅದು ಇಂಥ ಕಾಲದಲ್ಲೇ. ಬೆನ್ನಿಗೇ ಬೆರಿಲ್ ಎಂಬ ಚಂಡಮಾರುತ ಬಂತು. ವಿಮಾನ ನಿಲ್ದಾಣ ಮುಚ್ಚಿತು. ಕಪ್ಪು ಹಿಡಿದುಕೊಂಡೇ ಆಟಗಾರರು ಹೋಟೆಲಿನಲ್ಲಿ ಕೂತು, ಜುಲೈ 4ಕ್ಕೆ ದಿಲ್ಲಿ ಮುಟ್ಟಿದರು. ಜುಲೈ 1ರಂದು ಅದೇ ಗಾಳಿ ಗ್ರೆನಡಾ ದೇಶದ ಕ್ಯಾರಿಯಾಕು ದ್ವೀಪವನ್ನು ನೆಲಸಮ ಮಾಡಿತ್ತು. ಆಟಗಾರರಿಗೆ ಕೆಲವು ದಿನದ ತಡ, ಅಲ್ಲಿಯವರಿಗೆ ಮನೆಯೇ ಇಲ್ಲ.

ನಮ್ಮ ಪುಣೆಯ ಕಥೆಯೂ ಸ್ವಾರಸ್ಯವಾಗಿದೆ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಗವರ್ನರರು ಚಳಿಗಾಲವನ್ನು ಮುಂಬಯಿಯಲ್ಲಿ, ಬೇಸಿಗೆಯನ್ನು ಮಹಾಬಳೇಶ್ವರದಲ್ಲಿ, ಮಳೆಗಾಲವನ್ನು ಪುಣೆಯಲ್ಲಿ ಕಳೆಯುತ್ತಿದ್ದರು. ಗಣೇಶಖಿಂಡಿನಲ್ಲಿ ನಮ್ಮ ವಿದ್ಯಾಪೀಠದ ಮುಖ್ಯ ಕಟ್ಟಡವಿದೆಯಲ್ಲ, ಅದು ಅವರ ಮಳೆಗಾಲದ ಮನೆ. ಅಂದರೆ ಮಹಾಬಳೇಶ್ವರದ ಸೀಜನ್ ಮುಗಿದಾಗ ಪುಣೆಯ ಸೀಜನ್ ಶುರು!

ಯಾಕೆ ಹೀಗೆ? ಸ್ವಾರಗೇಟಿನಿಂದ ಎಸ್.ಟಿ. ಬಸ್ಸು ಹತ್ತಿದರೆ ನಿಮಗೇ ತಿಳಿಯುತ್ತದೆ. ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ಅಲ್ಲಿಂದ 120 ಕಿ.ಮೀ. ದೂರದ ಮಹಾಬಳೇಶ್ವರದಲ್ಲಿ 5,500 ಮಿ.ಮೀ.ಗೂ ಹೆಚ್ಚು. ನಮ್ಮ ಬಸ್ಸು ವಾಯಿ ದಾಟುವವರೆಗೆ ಹನಿ ಮಳೆ ಅಷ್ಟೇ. ಪಸರಣಿ ಘಾಟಿನಲ್ಲಿ ಕಿಡಕಿ ಮುಚ್ಚಬೇಕಾಯಿತು. ಪಾಚಗಣಿಯಲ್ಲಿ ಜೋರು. ಅಲ್ಲಿಂದ ಇಪ್ಪತ್ತು ಕಿ.ಮೀ. ಮುಂದೆ ಹೋದರೆ, ಮಳೆ ಬೀಳುತ್ತಿದೆ ಎನ್ನುವುದಕ್ಕಿಂತ ನಾವೇ ಮೋಡದೊಳಗೆ ಹೊಕ್ಕೆವು ಎನ್ನಬೇಕು. ಅರಬ್ಬೀ ಸಮುದ್ರದ ಹಸಿಗಾಳಿಗೆ ಸಹ್ಯಾದ್ರಿ ಒಂದು ಗೋಡೆ. ಗಾಳಿ ಆ ಗೋಡೆ ಏರುತ್ತ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ನೀರನ್ನು ಹಿಡಿದಿಟ್ಟುಕೊಳ್ಳಲಾರದು. 1,300 ಮೀಟರಿಗೂ ಎತ್ತರದ ಮಹಾಬಳೇಶ್ವರ ಆ ಗೋಡೆಯ ನೆತ್ತಿಯ ಮೇಲೆ ಕೂತಿದೆ. ನೆತ್ತಿ ದಾಟಿ ಪೂರ್ವಕ್ಕೆ ಇಳಿದ ಗಾಳಿಯ ಕೈ ಬರಿದು. ನಮ್ಮ ವಿಜಯಪುರ, ಬಾಗಲಕೋಟೆಗಳಿಗೆ ಅದು ಬರುವಷ್ಟರಲ್ಲಿ ವರ್ಷಕ್ಕೆ 600 ಮಿ.ಮೀ. ಮುಟ್ಟಿದರೇ ದೊಡ್ಡದು.

ಇನ್ನು ಹೋಗುವವರಿಗೆ ನಾಲ್ಕು ಮಾತು. ಛತ್ರಿ ಒಯ್ಯಬೇಡಿ. ನನ್ನದು ಬಸ್‌ಸ್ಟ್ಯಾಂಡಿನಲ್ಲೇ ಬೆನ್ನುಮುರಿದುಕೊಂಡಿತು. ರೇನ್‌ಕೋಟು ಬೇಕು, ಪುಸ್ತಕ ಬಟ್ಟೆಗೆ ಪ್ಲಾಸ್ಟಿಕ್ ಚೀಲ ಬೇಕು. ಅಂಗಿ ಒಣಗುತ್ತದೆ ಎಂಬ ಆಸೆ ಬಿಡಬೇಕು. ಆರ್ಥರ್ ಸೀಟ್‌ನಂಥ 'ಪಾಯಿಂಟು'ಗಳಲ್ಲಿ ಕಾಣುವುದು ಬಿಳಿ ಗೋಡೆ ಮಾತ್ರ. ಕಾಣದ ಕಡೆ ಅಂಚಿಗೆ ಹೋಗುವುದು ಹುಚ್ಚುತನ. ವೆಣ್ಣಾ ಕೆರೆಯಲ್ಲಿ ದೋಣಿಗಳನ್ನು ಕಟ್ಟಿಹಾಕಿದ್ದರು. ಲಿಂಗಮಳಾ ಜಲಪಾತ ಮಾತ್ರ ಈ ಕಾಲದ್ದೇ. ಸ್ಟ್ರಾಬೆರಿಯ ಆಸೆಯೂ ಬೇಡ. ಅದನ್ನು ನಾಟಿ ಮಾಡುವುದು ಮಳೆ ಇಳಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜುಲೈದಲ್ಲಿ ಸಿಗುವುದು ಬಾಟಲಿಯ ಪಾಕ. ಎಲ್ಲಕ್ಕಿಂತ ಮುಖ್ಯವಾಗಿ ಹವಾಮಾನ ಇಲಾಖೆ 'ರೆಡ್ ಅಲರ್ಟ್' ಕೊಟ್ಟ ದಿನ ಹೊರಡಬೇಡಿ. 2021ರ ಜುಲೈ 22-23ರಂದು ಅಲ್ಲಿ 24 ಗಂಟೆಯಲ್ಲಿ 590 ಮಿ.ಮೀ.ಗೂ ಹೆಚ್ಚು ಸುರಿಯಿತು. ವಿಜಯಪುರದ ಇಡೀ ವರ್ಷದ ಮಳೆ ಒಂದೇ ದಿನದಲ್ಲಿ! ಅದೇ ಮಳೆಯಲ್ಲಿ ಬೆಟ್ಟದ ಆಚೆ ಬದಿಗೆ, ಮಹಾಡ ತಾಲೂಕಿನ ತಳಿಯೆ ಎಂಬ ಊರಿನ ಮೇಲೆ ಗುಡ್ಡ ಕುಸಿದು ಹತ್ತಾರು ಮಂದಿ ಸತ್ತರು. ಅಗ್ಗದ ಬಾಡಿಗೆಗೆ ಅರ್ಥ ಇದೂ ಇದೆ ಎಂಬುದನ್ನು ಮರೆಯಬಾರದು.

ಪೇಟೆಯಲ್ಲಿ ಅರ್ಧ ಅಂಗಡಿಗಳು ಮುಚ್ಚಿದ್ದವು. ಮಳೆಯ ಏಟು ತಾಳಲೆಂದು ಹಿಂದೆ ಇಲ್ಲಿ ಗೋಡೆಗಳಿಗೆ ಹುಲ್ಲಿನ ತಟ್ಟಿ ಕಟ್ಟುತ್ತಿದ್ದರಂತೆ. ಈಗ ಹೆಚ್ಚಾಗಿ ಪ್ಲಾಸ್ಟಿಕ್ಕು, ತಗಡು. ತೆರೆದಿದ್ದ ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತೆ. ಮುದುಕರೊಬ್ಬರು ಒಳಗೆ ಕರೆದು ಚಹಾ ತರಿಸಿದರು. ಸೀಜನ್ನಿನಲ್ಲಾದರೆ ಅವರಿಗೆ ನನ್ನ ಮುಖ ನೋಡಲೂ ಪುರುಸೊತ್ತು ಇರುತ್ತಿರಲಿಲ್ಲ. ನಾಲ್ಕು ತಿಂಗಳು ಗಳಿಸಿದ್ದನ್ನು ನಾಲ್ಕು ತಿಂಗಳು ಕೂತು ತಿನ್ನುವುದು, ಸೋರುವ ಮಾಡು ರಿಪೇರಿ ಮಾಡುವುದು, ಮಕ್ಕಳ ಶಾಲೆಯ ಫೀಗೆ ಸಾಲ ಎತ್ತುವುದು: ಇದು ಅವರ ಮಳೆಗಾಲ. "ಗಾವ ಕುಠಲಂ?" ಎಂದು ಕೇಳಿದರು. ಜಮಖಂಡಿ ತಾಲೂಕು, ಕೃಷ್ಣೆಯ ದಂಡೆ ಎಂದೆ. ಅವರು ಗಟ್ಟಿಯಾಗಿ ನಕ್ಕು, "ಮ್ಹಣಜೆ ಆಮಚಂಚ ಪಾಣಿ ಪಿತಾಯ ಕಿ ತುಮ್ಹಿ!" ಎಂದರು. ನಮ್ಮ ನೀರೇ ಕುಡಿಯುವವರಲ್ಲವೇ ನೀವು, ಎಂದು.

ಅದೇ ನನ್ನ ಇನ್ನೊಂದು ಕಾರಣ. ಪೇಟೆಯಿಂದ ಐದಾರು ಕಿ.ಮೀ. ದೂರದ ಕ್ಷೇತ್ರ ಮಹಾಬಳೇಶ್ವರದಲ್ಲಿ ಪಂಚಗಂಗಾ ಗುಡಿ ಇದೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಅಲ್ಲಿ ಹುಟ್ಟುತ್ತವೆ ಎಂದು ನಂಬಿಕೆ. ಕಲ್ಲಿನ ಗೋಮುಖದಿಂದ ನೀರು ಬೀಳುತ್ತದೆ. ಊರಲ್ಲಿ ಈಚೆ ದಂಡೆಯಿಂದ ಆಚೆ ದಂಡೆಯ ಮನುಷ್ಯನ ಮುಖ ಗುರುತು ಹತ್ತದಷ್ಟು ಅಗಲದ ಹೊಳೆಯನ್ನು ನೋಡಿ ಬೆಳೆದ ನಾನು ಅದರ ಕೆಳಗೆ ಬೊಗಸೆ ಹಿಡಿದೆ. ಬೊಗಸೆ ತುಂಬಿತು, ಹೊರಚೆಲ್ಲಿತು.

2019ರ ಆಗಸ್ಟಿನಲ್ಲಿ ಇದೇ ಹೊಳೆ ನಮ್ಮ ಮನೆಯೊಳಗೆ ಎದೆಮಟ ನಿಂತಿತ್ತು. ಆಗ ಆಲಮಟ್ಟಿಯಿಂದ ಹೊರಬಿಟ್ಟದ್ದು 5 ಲಕ್ಷ ಕ್ಯೂಸೆಕ್ಸಿಗೂ ಹೆಚ್ಚು. ಅದೆಲ್ಲ ಮಹಾಬಳೇಶ್ವರ ಒಂದರದೇ ನೀರಲ್ಲ ನಿಜ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಕೊಲ್ಲಾಪುರದ ಪಂಚಗಂಗಾ ಕೂಡುತ್ತವೆ. ಆದರೆ ಎಲ್ಲದರ ತವರು ಈ ಒಂದೇ ಬೆಟ್ಟದ ಸಾಲು. ನಡುವೆ ಆಣೆಕಟ್ಟುಗಳಿವೆ, ಅವು ತುಂಬಿದ ಮೇಲೆ ಇಲ್ಲಿ ಬಿದ್ದದ್ದು ಕೆಲವೇ ದಿನಗಳಲ್ಲಿ ನಮ್ಮ ಹೊಲದಲ್ಲಿರುತ್ತದೆ. ಮಳೆ ಬಾರದಿದ್ದರೆ ನಮ್ಮ ಕಬ್ಬು ಒಣಗುತ್ತದೆ. ಯಾತ್ರಿಕರ ಲೆಕ್ಕದಲ್ಲಿ ಯಾರಿಗೂ ಬೇಡದ ಈ ನಾಲ್ಕು ತಿಂಗಳೇ ಕೆಳಗಿನ ನಮಗೆಲ್ಲ ಸೀಜನ್.

ಗುಡಿಯ ಹೊರಗೆ ಬಂದು ಅಪ್ಪನಿಗೆ ಫೋನು ಹಚ್ಚಿದೆ. ಗೋಮುಖದ ವರ್ಣನೆ ಮಾಡಬೇಕೆಂದಿದ್ದೆ. ಅವರು ಕೇಳಿದ್ದು ಒಂದೇ.

"ಮಳಿ ಹ್ಯಾಂಗೈತಿ ತಮ್ಮಾ?"

"ನಿಂತಿಲ್ಲ ಯಪ್ಪಾ. ನಿನ್ನಿಯಿಂದ ಒಂದ ಸವನ ಹೊಡ್ಯಾಕತ್ತೈತಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರ ಇವತ್ತ ಹೊಳಿ ದಂಡಿ ಮ್ಯಾಲಿನ ಮೋಟಾರ ಎತ್ತಿಸಿ ಮನಿಗೆ ತರತೀನಿ. ನೀ ಹುಷಾರಾಗಿ ಇಳದ ಹೋಗು" ಎಂದು ಫೋನು ಇಟ್ಟರು.